ಕಾಲದ ಮುಪ್ಪು, ಅಕಾಲದ ಮುಪ್ಪು

(ಹಿರಿಯ ನಾಗರಿಕರ ಕೂಟವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಗದಗ ಸೀಮೆಯ ಹಳೆಯ ಪ್ರಾಥಮಿಕ ಶಾಲೆಗಳ ದಾಖಲೆ ಪುಸ್ತಕ ತೆರೆದರೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಒಂದೇ ಓಣಿಯ ಎಷ್ಟೋ ಮಕ್ಕಳು ಜೂನ್ 1ರಂದೇ ಹುಟ್ಟಿದ್ದಾರೆ! ಈ ಸಭೆಯಲ್ಲಿ ಕೈ ಎತ್ತಿಸಿದರೂ ಜೂನ್ ಒಂದರವರು ಹಲವರು ಸಿಕ್ಕಾರು. ಕಾರಣ ಸರಳ. ಜೂನ್‌ನಲ್ಲಿ ಶಾಲೆ ಶುರು. ಹುಡುಗನನ್ನು ಕರೆತಂದ ತಂದೆಗೆ ಹುಟ್ಟಿದ ತಾರೀಖು ಗೊತ್ತಿಲ್ಲ. ಮಾಸ್ತರರು ಹುಡುಗನ ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸುತ್ತಿದ್ದರು. ಮುಟ್ಟಿತೆಂದರೆ ಶಾಲೆಗೆ ಸೇರುವ ವಯಸ್ಸಾಯಿತೆಂದು ಲೆಕ್ಕ. ಹೆಸರು ಹಚ್ಚಿದರು, ತಾರೀಖು ಬರೆದರು. ಮುಂದೆ ಆ ಹುಡುಗ ನೌಕರಿ ಹಿಡಿದದ್ದು, ನಿವೃತ್ತನಾದದ್ದು, ಪಿಂಚಣಿ ಪಡೆದದ್ದು ಎಲ್ಲವೂ ಆ ಕಿವಿಯ ಲೆಕ್ಕದ ಮೇಲೆಯೇ. ಪ್ರತಿ ವರ್ಷ ಮೇ 31ರಂದು ಸರಕಾರಿ ಕಚೇರಿಗಳಲ್ಲಿ ಅಷ್ಟೊಂದು ಬೀಳ್ಕೊಡುಗೆ ಸಮಾರಂಭಗಳು ಏಕೆ ನಡೆಯುತ್ತಿದ್ದವು ಎಂಬುದಕ್ಕೂ ಇದೇ ಉತ್ತರ.

ಶಾಲೆಯ ಮೆಟ್ಟಿಲು ಹತ್ತದವರಿಗೆ ಈ ತಾರೀಖೂ ಇರಲಿಲ್ಲ. ಅವರ ವಯಸ್ಸು ನಿಂತಿದ್ದು ಕಷ್ಟಗಳ ಮೇಲೆ. ‘ದೊಡ್ಡ ಬರದ ಮರುವರ್ಷ ಹುಟ್ಟಿದವ’, ‘ಪ್ಲೇಗಿನ ಗುಡಿಸಲದಾಗ ಹುಟ್ಟಿದಾಕಿ’ ಎಂದು ಹೇಳುವ ಮುದುಕರು ಎರಡು ತಲೆಮಾರಿನ ಹಿಂದೆ ಪ್ರತಿ ಹಳ್ಳಿಯಲ್ಲೂ ಇದ್ದರು. 1876–78ರ ಬರ ಎಂಥದೆಂದರೆ, 1872ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಅಂದಿನ ಧಾರವಾಡ ಜಿಲ್ಲೆಯ ಜನಸಂಖ್ಯೆ ಬೆಳೆಯುವ ಬದಲು ಸುಮಾರು ಹತ್ತರಲ್ಲಿ ಒಂದು ಪಾಲಿನಷ್ಟು ಕುಗ್ಗಿತು. ಇಪ್ಪತ್ತು ವರ್ಷ ಕಳೆಯುವುದರೊಳಗೆ ಪ್ಲೇಗು ಬಂತು. ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. 1918ರಲ್ಲಿ ಇನ್‌ಫ್ಲುಯೆಂಜಾ. ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಅದು ಕೆಲವೇ ತಿಂಗಳಲ್ಲಿ ಒಯ್ದಿತು. ಆಗ ಗದಗ, ಮುಂಡರಗಿ ಬ್ರಿಟಿಷರ ಮುಂಬೈ ಪ್ರಾಂತ್ಯದಲ್ಲಿ. ಶಿರಹಟ್ಟಿ ಸಾಂಗ್ಲಿ ಸಂಸ್ಥಾನದಲ್ಲಿ. ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿ. ನಾಲ್ಕು ಊರು, ಮೂರು ದೊರೆತನ. ರೋಗಕ್ಕೆ ಮಾತ್ರ ಗಡಿ ಇರಲಿಲ್ಲ.

ಈ ಹಿನ್ನೆಲೆಯಲ್ಲಿ ನಮ್ಮ ಕಟ್ಟೆಯ ಮೇಲಿನ ಒಂದು ನೆಚ್ಚಿನ ಮಾತನ್ನು ಪರೀಕ್ಷಿಸಬೇಕು. ಹಿಂದಿನವರು ರೊಟ್ಟಿ, ಹಿಂಡಿ, ಮಜ್ಜಿಗೆ ಉಂಡು ನೂರು ವರ್ಷ ಬಾಳುತ್ತಿದ್ದರು, ಈಗಿನವರು ಅರವತ್ತಕ್ಕೇ ಕುಸಿಯುತ್ತಾರೆ ಎಂಬುದು ಆ ಮಾತು. 1911–21ರ ದಶಕದಲ್ಲಿ ಭಾರತೀಯನ ಸರಾಸರಿ ಆಯುಸ್ಸು ಸುಮಾರು 20 ವರ್ಷ. ಸ್ವಾತಂತ್ರ್ಯ ಬಂದ ಕಾಲಕ್ಕೆ 32ರ ಆಸುಪಾಸು. ಈಗ ಸುಮಾರು 70. ಹಾಗಾದರೆ ಕಟ್ಟೆಯ ಮಾತು ಪೂರ್ತಿ ಸುಳ್ಳೇ? ಅದೂ ಅಲ್ಲ. ಸರಾಸರಿ ಎಂಬುದು ಮೋಸದ ಲೆಕ್ಕ. ಹತ್ತು ಕೂಸುಗಳಲ್ಲಿ ನಾಲ್ಕು ಮೊದಲ ವರ್ಷದಲ್ಲೇ ತೀರಿಕೊಂಡು, ಉಳಿದ ಆರು ಅರವತ್ತರವರೆಗೆ ಬದುಕಿದರೆ ಸರಾಸರಿ 36 ಬರುತ್ತದೆ. ಆ ಮನೆಯಲ್ಲಿ 36ಕ್ಕೆ ಸತ್ತವರು ಒಬ್ಬರೂ ಇಲ್ಲ. ತೊಟ್ಟಿಲಲ್ಲೇ ಹೋದವರನ್ನು ನೆನಪಿಡುವವರಿಲ್ಲ. ಉಳಿದ ಗಟ್ಟಿ ಮುದುಕ ಮಾತ್ರ ಕಟ್ಟೆಯ ಮೇಲೆ ಕಾಣುತ್ತಾನೆ, ಅವನನ್ನು ನೋಡಿ ನಾವು ಇಡೀ ಕಾಲವನ್ನೇ ಗಟ್ಟಿ ಎನ್ನುತ್ತೇವೆ.

ನಮ್ಮ ಹಿರಿಯರಿಗಂತೂ ಭ್ರಮೆ ಇರಲಿಲ್ಲ. ಪ್ರಭವದಿಂದ ಅಕ್ಷಯದವರೆಗೆ ಅರವತ್ತು ಸಂವತ್ಸರಗಳ ಒಂದು ಸುತ್ತು ಮುಗಿಸಿದವನಿಗೆ ಶಾಂತಿ ಮಾಡಿಸುತ್ತಿದ್ದರು. ಸಾವಿರ ಹುಣ್ಣಿಮೆ ಕಂಡವನಿಗೆ, ಎಂದರೆ ಎಂಬತ್ತು ದಾಟಿ ಎಂಬತ್ತೊಂದರ ಹೊಸ್ತಿಲಲ್ಲಿರುವವನಿಗೆ, ಸಹಸ್ರ ಚಂದ್ರ ದರ್ಶನ. ಯಾವುದು ಅಪರೂಪವೋ ಅದಕ್ಕಲ್ಲವೇ ಹಬ್ಬ?

ಮುಪ್ಪಿನ ಬಗೆಗೆ ನಮ್ಮ ಹಳೆಯ ವೈದ್ಯಶಾಸ್ತ್ರ ಮಾಡಿದ ಒಂದು ವಿಂಗಡಣೆ ಈ ಚರ್ಚೆಗೆ ಬಹಳ ಸಹಾಯಕ. ಸುಶ್ರುತ ಸಂಹಿತೆ ಹಸಿವು, ಬಾಯಾರಿಕೆ, ನಿದ್ರೆ, ಸಾವುಗಳಂತೆ ಮುಪ್ಪನ್ನೂ ಸ್ವಾಭಾವಿಕವಾದವುಗಳ ಗುಂಪಿಗೆ ಸೇರಿಸುತ್ತದೆ. ಆದರೆ ಅಲ್ಲಿಗೆ ಬಿಡುವುದಿಲ್ಲ. ಅದರಲ್ಲಿ ಎರಡು ಬಗೆ ಎನ್ನುತ್ತದೆ. ದೇಹವನ್ನು ಕಾಪಾಡಿಕೊಂಡರೂ ತನ್ನ ಹೊತ್ತಿಗೆ ಬರುವುದು ಕಾಲಜ. ಕಾಪಾಡಿಕೊಳ್ಳದೆ ಹೊತ್ತಿಗೆ ಮುಂಚೆ ಬರುವುದು ಅಕಾಲಜ. ಮೊದಲನೆಯದಕ್ಕೆ ತಲೆಬಾಗಬೇಕು. ಎರಡನೆಯದಕ್ಕೆ ಕಾರಣ ಹುಡುಕಬೇಕು. ನಮ್ಮ ಸೀಮೆಯ ಮುಪ್ಪನ್ನು ಈ ಎರಡು ಬುಟ್ಟಿಗಳಲ್ಲಿ ಹಾಕಿ ನೋಡುವುದೇ ಇಂದಿನ ಮಾತಿನ ಉದ್ದೇಶ.

ಕಾಲದ ಮುಪ್ಪಿಗೆ ಗದುಗಿನಲ್ಲಿ ಉದಾಹರಣೆ ಹುಡುಕಬೇಕಾಗಿಲ್ಲ. ಪಂಡಿತ ಪುಟ್ಟರಾಜ ಗವಾಯಿಗಳು ಹುಟ್ಟಿದ್ದು 1914ರ ಮಾರ್ಚ್ 3ರಂದು, ಹಾನಗಲ್ಲ ತಾಲೂಕಿನ ದೇವಗಿರಿಯಲ್ಲಿ. ಕೂಸಾಗಿದ್ದಾಗಲೇ ಕಣ್ಣು ಹೋಯಿತು, ತಂದೆತಾಯಿಯರೂ ಹೋದರು. ಸೋದರಮಾವ ತಂದು ಪಂಚಾಕ್ಷರ ಗವಾಯಿಗಳ ಕೈಗೆ ಒಪ್ಪಿಸಿದರು. ಗುರುವೂ ಅಂಧರು, ಶಿಷ್ಯನೂ ಅಂಧ. ಆ ಕಾಲದ ಯಾವ ಲೆಕ್ಕದಲ್ಲಿ ನೋಡಿದರೂ ಬದುಕಿ ಉಳಿಯುವ ಸಾಧ್ಯತೆ ತೀರ ಕಡಿಮೆ ಇದ್ದ ಕೂಸು ಅದು. 1944ರ ಜೂನ್ 11ರಂದು ಗುರುಗಳು ತೀರಿಕೊಂಡಾಗ ಅವರ ವಯಸ್ಸು 52, ಶಿಷ್ಯನಿಗೆ 30. ವೀರೇಶ್ವರ ಪುಣ್ಯಾಶ್ರಮದ ಭಾರ ಆ ಮೂವತ್ತರ ಹೆಗಲಿಗೆ ಬಿತ್ತು. 2010ರ ಸೆಪ್ಟೆಂಬರ್ 17ರವರೆಗೆ, ಎಂದರೆ 66 ವರ್ಷ, ಅದು ಆ ಹೆಗಲಿನಿಂದ ಇಳಿಯಲಿಲ್ಲ. ಗುರು ಬದುಕಿದ ಒಟ್ಟು ಆಯುಸ್ಸಿಗಿಂತ ಶಿಷ್ಯ ಹೊಣೆ ಹೊತ್ತ ವರ್ಷಗಳೇ ಹೆಚ್ಚು!

ಅಂಧರು, ಅನಾಥರು, ಬಡ ಮಕ್ಕಳಿಗೆ ಅಲ್ಲಿ ಊಟ, ವಸತಿ, ಸಂಗೀತ. ಅಷ್ಟು ಬಾಯಿಗೆ ಜೋಳ ಎಲ್ಲಿಂದ ಬರಬೇಕು? ಆಶ್ರಮಕ್ಕಾಗಿ ನಾಟಕ ಕಂಪನಿ ನಡೆಸಿದರು, ನಾಟಕ ಬರೆದರು, ಊರೂರು ಸುತ್ತಿದರು. ಕನ್ನಡ, ಹಿಂದಿ, ಸಂಸ್ಕೃತ ಮೂರರಲ್ಲೂ ಗ್ರಂಥ ರಚಿಸಿದರು. ಕಡೆಗಾಲದಲ್ಲಿ ಭಕ್ತರ ತುಲಾಭಾರಗಳು ಬಂದವು. ತಕ್ಕಡಿಯ ಒಂದು ಕಡೆ ಅಜ್ಜ, ಇನ್ನೊಂದು ಕಡೆ ನಾಣ್ಯ. ವೈದ್ಯರು ತೂಗಿದ್ದಕ್ಕಿಂತ ಹೆಚ್ಚು ಸಲ ಭಕ್ತರೇ ತೂಗಿದ ದೇಹ ಅದು. ಬಂದದ್ದೆಲ್ಲ ಮಕ್ಕಳ ಅನ್ನಕ್ಕೆ ಹೋಯಿತು. ಪದ್ಮಭೂಷಣ ಬಂದದ್ದು 2010ರಲ್ಲಿ, ಅವರ 96ನೆಯ ವರ್ಷದಲ್ಲಿ.

ಇಂಥವರನ್ನು ಕಂಡಾಗ ಏನು ಉಣ್ಣುತ್ತಿದ್ದರು, ಎಷ್ಟು ಗಂಟೆಗೆ ಏಳುತ್ತಿದ್ದರು ಎಂದು ಕೇಳುವುದು ನಮ್ಮ ಚಟ. ಒಬ್ಬರ ಆಯುಸ್ಸಿನಿಂದ ಎಲ್ಲರಿಗೂ ಪಥ್ಯ ಬರೆಯಲಾಗದು. ಇದೇ ಗದುಗಿನ ಮಣ್ಣಿನವರಾದ ಭೀಮಸೇನ ಜೋಶಿ ಎಳೆಯ ಹುಡುಗನಾಗಿದ್ದಾಗಲೇ ಗುರುವನ್ನರಸಿ ಮನೆ ಬಿಟ್ಟವರು. ಟಿಕೆಟಿಲ್ಲದೆ ರೈಲು ಹತ್ತಿ, ಹಾಡಿ ಹೊಟ್ಟೆ ಹೊರೆದು ಊರೂರು ಅಲೆದವರು. ಪಥ್ಯ ನಿಯಮಗಳ ಬದುಕು ಅವರದಲ್ಲ. ಅವರೂ 1922ರಿಂದ 2011ರವರೆಗೆ, 89ಕ್ಕೆ ಹನ್ನೊಂದು ದಿನ ಕಡಿಮೆ ಬದುಕಿದರು. ಸನ್ಯಾಸಿಗೂ ದೀರ್ಘಾಯುಸ್ಸು, ಅಲೆಮಾರಿಗೂ ದೀರ್ಘಾಯುಸ್ಸು, ನೇಮದ ಗುರುವಿಗೆ ಮಾತ್ರ ಐವತ್ತೆರಡು. ಹೀಗಿರುವಾಗ ರಹಸ್ಯವೆಂದು ಯಾವುದನ್ನು ಹಿಡಿಯೋಣ?

ಆದರೂ ಪುಣ್ಯಾಶ್ರಮದ ಮುಪ್ಪಿನಲ್ಲಿ ಒಂದು ಸಂಗತಿಯನ್ನು ಗಮನಿಸದೆ ಮುಂದೆ ಹೋಗಬಾರದು. ಆ ಅಜ್ಜನ ಸುತ್ತ ಯಾವಾಗಲೂ ಕೈಗಳಿದ್ದವು. ಹಿಡಿದು ನಡೆಸುವ ಕೈ, ನೀರು ಕೊಡುವ ಕೈ, ಹೇಳಿದ್ದನ್ನು ಬರೆದುಕೊಳ್ಳುವ ಕೈ. ಈ ಮಾತಿಗೆ ಆಮೇಲೆ ಮರಳಿ ಬರಬೇಕಾಗುತ್ತದೆ.

ಇನ್ನು ಎರಡನೆಯ ಬುಟ್ಟಿ. ಅಕಾಲದ ಮುಪ್ಪಿಗೆ ಇಲ್ಲಿ ಕೆಲಸವೂ ಒಂದು ಕಾರಣ. ಕುಣಿಯಲ್ಲಿ ಕಾಲು ಇಳಿಬಿಟ್ಟು ಕೈಮಗ್ಗ ನೇಯ್ದ ಬೆಟಗೇರಿ ನೇಕಾರನ ಸೊಂಟ, ಬಗ್ಗಿ ಕುರ್ಪಿ ಹಿಡಿದು ಕಸ ತೆಗೆದ ಎರೆಹೊಲದ ಹೆಣ್ಣುಮಕ್ಕಳ ಮೊಣಕಾಲು ಬೇಗ ಸವೆಯುತ್ತವೆ. ಇದು ಎಲ್ಲರಿಗೂ ತಿಳಿದದ್ದೇ. ತಿಳಿಯದೆ ಬಹಳ ಕಾಲ ಉಳಿದದ್ದು ಇನ್ನೊಂದು. ಅದು ನೀರು.

ಮುಂಡರಗಿ, ಶಿರಹಟ್ಟಿ, ಗದಗ ತಾಲೂಕುಗಳ ಹಲವು ಹಳ್ಳಿಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಎಂಬ ಲವಣಾಂಶ ಮಿತಿಮೀರಿ ಇದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಒಂದು ಲೀಟರಿಗೆ ಅದು 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ ಒಂದೂವರೆ ಮಿಲಿಗ್ರಾಂವರೆಗೆ ಸಹಿಸಬಹುದು. ಅದಕ್ಕೂ ಹೆಚ್ಚಾದ ನೀರನ್ನು ವರ್ಷಗಟ್ಟಲೆ ಕುಡಿದಾಗ ಫ್ಲೋರೈಡ್ ಎಲುಬಿನಲ್ಲಿ ಸೇರಿಕೊಳ್ಳುತ್ತದೆ. ಎಲುಬು ದಪ್ಪವಾಗುತ್ತದೆ, ಆದರೆ ಪೆಡಸಾಗುತ್ತದೆ. ಕೀಲುಗಳ ಸುತ್ತಲಿನ ಮೆತ್ತಗಿನ ಕಟ್ಟುಗಳು ಸುಣ್ಣಗಟ್ಟುತ್ತವೆ. ಕುತ್ತಿಗೆ ತಿರುಗದು, ಬೆನ್ನು ಬಗ್ಗದು. ಬಾಗಿದ ಬೆನ್ನು ಹಾಗೇ ಸೆಟೆದು ನಿಂತು ನೆಟ್ಟಗಾಗದು. ನಮ್ಮ ದೇಶದಲ್ಲಿ ಈ ರೋಗವನ್ನು ವೈದ್ಯರು ಗುರುತಿಸಿ ಬರೆದದ್ದು 1937ರಲ್ಲಿ, ಅಂದಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ.

ಹೊರಗಿನಿಂದ ನೋಡಿದರೆ ಇದು ಥೇಟು ಮುಪ್ಪಿನಂತೆಯೇ. ಕೋಲು ಹಿಡಿದು ಬರುವ ಐವತ್ತರ ಮನುಷ್ಯನಿಗೆ ‘ಅಜ್ಜಾ, ವಯಸ್ಸಾತು, ಇನ್ನೇನ್ ಮಾಡಾಕ ಬರ್ತೈತಿ’ ಎಂದು ಎಲ್ಲರೂ ಸಮಾಧಾನ ಹೇಳುತ್ತಾರೆ. ಒಳಗೆ ಮಾತ್ರ ಎರಡೂ ಒಂದಕ್ಕೊಂದು ವಿರುದ್ಧ. ವಯಸ್ಸಿನಿಂದ ಸವೆದ ಎಲುಬು ತೆಳುವಾಗುತ್ತದೆ, ಎಕ್ಸ್‌ರೇಯಲ್ಲಿ ಮಸುಕಾಗಿ ಕಾಣುತ್ತದೆ. ಫ್ಲೋರೈಡ್ ಹಿಡಿದ ಎಲುಬು ಬಿಳಿ ಸೀಮೆಸುಣ್ಣದಂತೆ ದಟ್ಟವಾಗಿ ಕಾಣುತ್ತದೆ. ಮುಂಗೈಯ ಎರಡು ಎಲುಬುಗಳ ನಡುವಿನ ಪೊರೆ ಸುಣ್ಣಗಟ್ಟಿರುವುದೂ ಅದರಲ್ಲಿ ತಿಳಿಯುತ್ತದೆ. ಕಾಲ ಮಾಡಿದ್ದು ಯಾವುದು, ನೀರು ಮಾಡಿದ್ದು ಯಾವುದು ಎಂದು ಒಂದು ಎಕ್ಸ್‌ರೇ ಹಾಳೆ ಹೇಳಬಲ್ಲದು.

ನೀರಿನ ವಿಷಯದಲ್ಲಿ ಈ ಸೀಮೆ ದಡ್ಡತನ ಮಾಡಿದ ಸೀಮೆಯೇನಲ್ಲ. ಲಕ್ಕುಂಡಿಯ ಬಾವಿಗಳನ್ನು ನೋಡಲು ಜನ ದೂರದಿಂದ ಬರುತ್ತಾರೆ. ಡಂಬಳದ ಕೆರೆ ಇದೆ; ಲಕ್ಷ್ಮೇಶ್ವರಕ್ಕೆ ಇಟ್ಟಿಗೇರಿ ಕೆರೆ, ಗದುಗಿಗೆ ಭೀಷ್ಮ ಕೆರೆ. ಸಿಹಿನೀರು ಯಾವುದು, ಸವಳುನೀರು ಯಾವುದು ಎಂದು ಬೇರ್ಪಡಿಸಿ, ಸಿಹಿಯನ್ನು ಕುಡಿಯಲು, ಸವಳನ್ನು ಬಳಕೆಗೆ ಇಟ್ಟುಕೊಂಡ ಜನ ಇವರು. ಈ ಎಲ್ಲ ಜಾಣತನ ನಿಂತಿದ್ದು ನಾಲಿಗೆಯ ಮೇಲೆ. ಫ್ಲೋರೈಡಿಗೆ ರುಚಿಯಿಲ್ಲ, ಬಣ್ಣವಿಲ್ಲ, ವಾಸನೆಯಿಲ್ಲ. 1972–73ರ ಬರದ ತರುವಾಯ ಬೋರು ಕೊರೆಯುವ ಯಂತ್ರಗಳು ಬಂದವು, ಹಳ್ಳಿಹಳ್ಳಿಗೆ ಕೈಪಂಪು ನಿಂತವು. ಕಾಲರಾ, ನಾರುಹುಣ್ಣುಗಳಿಂದ ಅವು ಜನರನ್ನು ಕಾಪಾಡಿದವು, ಇದನ್ನು ಮರೆಯಬಾರದು. ಮಕ್ಕಳ ಸಾವು ಇಳಿದದ್ದರಲ್ಲಿ, ಆಗ ಹೇಳಿದ ಸರಾಸರಿ ಏರಿದ್ದರಲ್ಲಿ ಆ ಶುದ್ಧ ನೀರಿನ ಪಾಲೂ ಇದೆ. ಆದರೆ ಕಲ್ಲಿನ ಪದರಗಳಲ್ಲಿ ಬಹುಕಾಲ ನಿಂತ ಆಳದ ನೀರು ಕಲ್ಲಿನ ಫ್ಲೋರೈಡನ್ನೂ ಕರಗಿಸಿಕೊಂಡಿರುತ್ತದೆ. ತಿಳಿಯಾದ, ತಂಪಾದ, ರುಚಿಯಾದ ನೀರು. ನಾಲಿಗೆ ಒಪ್ಪಿತು, ಎಲುಬು ಒಪ್ಪಲಿಲ್ಲ.

ಇಲ್ಲಿ ಜೋಳದ ಮಾತೂ ಬರುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು 1970ರ ದಶಕದಲ್ಲಿ ನಡೆಸಿದ ಪ್ರಯೋಗದಲ್ಲಿ, ಅನ್ನ ಉಣ್ಣುವವರಿಗಿಂತ ಜೋಳ ಉಣ್ಣುವವರ ದೇಹದಲ್ಲಿ ಫ್ಲೋರೈಡ್ ಹೆಚ್ಚು ಉಳಿಯುತ್ತದೆಂದು ಕಂಡುಬಂತು. ಇದನ್ನು ಕೇಳಿ ಯಾರೂ ರೊಟ್ಟಿ ಬಡಿಯುವುದನ್ನು ಬಿಡಬೇಕಾಗಿಲ್ಲ, ಬಿಡುವವರೂ ಅಲ್ಲ! ದೋಷ ನೀರಿನದು, ಹಿಟ್ಟಿನದಲ್ಲ. ಅದೇ ಸಂಸ್ಥೆಯವರು ಮುಂದೆ, ಹುಣಸೆಹಣ್ಣು ತಿಂದ ಮಕ್ಕಳ ಮೂತ್ರದಲ್ಲಿ ಫ್ಲೋರೈಡ್ ಹೆಚ್ಚು ಹೊರಹೋದದ್ದನ್ನೂ ಕಂಡರು. ರೊಟ್ಟಿಯ ಜೊತೆ ಮೊಸರು, ಮಜ್ಜಿಗೆ, ನುಗ್ಗೆಸೊಪ್ಪು ಇದ್ದ ಊಟದಲ್ಲಿ ಸುಣ್ಣದಂಶ ಚೆನ್ನಾಗಿರುತ್ತದೆ. ಅದು ಕಡಿಮೆಯಾದ ಬಡವರ ತಾಟಿನಲ್ಲಿ ರೋಗ ಬೇಗ ಬಲಿಯುತ್ತದೆ. ಆಕಳು ಮಾರಿದ ಮನೆಗೂ ಆಕಳಿರುವ ಮನೆಗೂ ನಡುವಿನ ವ್ಯತ್ಯಾಸ ಹೀಗೆ ಎಲುಬಿನವರೆಗೆ ಇಳಿಯುತ್ತದೆ.

ನೀರನ್ನು ಕುದಿಸಿದರೆ ಸರಿಹೋಗುತ್ತದೆಂಬ ನಂಬಿಕೆ ಇದೆ. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ.

ಮನೆಯಲ್ಲೇ ಮಾಡಿ ನೋಡಬಹುದಾದ ಮೂರು ಪರೀಕ್ಷೆಗಳನ್ನು ವೈದ್ಯರು ಹೇಳುತ್ತಾರೆ. ಮೊಣಕಾಲು ಮಡಚದೆ ಬಗ್ಗಿ ಕಾಲ್ಬೆರಳು ಮುಟ್ಟುವುದು. ಗದ್ದವನ್ನು ಎದೆಗೆ ತಾಗಿಸುವುದು. ತೋಳು ಚಾಚಿ, ಮಡಚಿ, ಎರಡೂ ಕೈಗಳನ್ನು ತಲೆಯ ಹಿಂದಕ್ಕೆ ಒಯ್ಯುವುದು. ಆರನೆಯ ವಯಸ್ಸಿನಲ್ಲಿ ಕಿವಿ ಮುಟ್ಟಿ ಶಾಲೆ ಸೇರಿದವರಿಗೆ ಇಳಿವಯಸ್ಸಿನಲ್ಲಿ ಮತ್ತೊಂದು ಬಗೆಯ ಮುಟ್ಟುವ ಪರೀಕ್ಷೆ! ಎಪ್ಪತ್ತರವರಿಗೆ ಇವು ಕಷ್ಟವಾದರೆ ಗಾಬರಿ ಬೇಡ. ಆದರೆ ಹೊಲಕ್ಕೆ ಹೋಗುವ ನಲವತ್ತರ ಮಗನಿಗೂ, ಮೂವತ್ತೈದರ ಸೊಸೆಗೂ ಮೂರೂ ಬಾರದಿದ್ದರೆ, ಅದೇ ಓಣಿಯ ನಾಲ್ಕಾರು ಮನೆಗಳಲ್ಲಿ ಹಾಗೆಯೇ ಇದ್ದರೆ, ಮೊದಲು ಪರೀಕ್ಷೆಯಾಗಬೇಕಾದದ್ದು ಆ ಓಣಿಯ ನೀರು.

ಇದನ್ನು ವಯಸ್ಸೆಂದು ತಪ್ಪು ತಿಳಿದರೆ ನಷ್ಟವೇನು ಎಂದು ಕೇಳಬಹುದು. ನಷ್ಟ ದೊಡ್ಡದು. ವಯಸ್ಸೆಂದ ಮೇಲೆ ನೀರು ಬದಲಾಗುವುದಿಲ್ಲ. ಔಷಧದಂಗಡಿಯಿಂದ ನೋವಿನ ಗುಳಿಗೆ ಬರುತ್ತದೆ, ದಿನಕ್ಕೆರಡರಂತೆ ವರ್ಷಗಟ್ಟಲೆ ಹೊಟ್ಟೆಗೆ ಹೋಗುತ್ತದೆ. ಅಂಥ ಗುಳಿಗೆಗಳು ಮೂತ್ರಪಿಂಡವನ್ನು ಕೆಡಿಸುತ್ತವೆ. ದೇಹದಿಂದ ಫ್ಲೋರೈಡನ್ನು ಹೊರಹಾಕುವ ದಾರಿಯೇ ಆ ಮೂತ್ರಪಿಂಡ. ಅದು ಸೋತಷ್ಟೂ ವಿಷ ಒಳಗೇ ಉಳಿಯುತ್ತದೆ, ನೋವು ಹೆಚ್ಚುತ್ತದೆ, ಗುಳಿಗೆ ಎರಡಿದ್ದದ್ದು ಮೂರಾಗುತ್ತದೆ. ಒಮ್ಮೆ ಸೆಟೆದ ಬೆನ್ನನ್ನು ಮೊದಲಿನಂತೆ ಮಾಡುವ ಮದ್ದು ಇಂದಿಗೂ ಇಲ್ಲ, ಕಪ್ಪತಗುಡ್ಡದ ಬೇರಿನಲ್ಲೂ ಇಲ್ಲ, ಪೇಟೆಯ ಗುಳಿಗೆಯಲ್ಲೂ ಇಲ್ಲ. ಆದರೆ ನೀರು ಬದಲಿಸಿದವರ ನೋವು ಇಳಿಯಬಹುದು, ರೋಗ ಮುಂದುವರಿಯುವುದು ನಿಲ್ಲಬಹುದು.

ಬದಲಿ ನೀರು ಇಲ್ಲವೆಂದೂ ಅಲ್ಲ. ಮುಂಡರಗಿ, ಶಿರಹಟ್ಟಿ ತಾಲೂಕುಗಳ ಅಂಚಿನಲ್ಲೇ ತುಂಗಭದ್ರೆ ಹರಿಯುತ್ತಾಳೆ. ಹಮ್ಮಿಗಿ ಬಳಿಯ ಬ್ಯಾರೇಜು ಕಟ್ಟಿಯಾಗಿದೆ. ಹೊಳೆನೀರು ಕೊಳವೆಯಲ್ಲಿ ಗದಗ-ಬೆಟಗೇರಿಗೂ ಅನೇಕ ಹಳ್ಳಿಗಳಿಗೂ ಬಂದಿದೆ. ವಾರಕ್ಕೊಮ್ಮೆಯೋ ಹತ್ತು ದಿನಕ್ಕೊಮ್ಮೆಯೋ ನೀರು ಬಿಡುವುದಕ್ಕೆ ಕಾದು ಕುಳಿತ ಅವಳಿ ನಗರದವರಿಗೆ ಅದರ ಸುಖದುಃಖ ಬಿಡಿಸಿ ಹೇಳಬೇಕಾಗಿಲ್ಲ. ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳು ನಿಂತಿವೆ. ನಾಣ್ಯ ಹಾಕಿದರೆ ಕ್ಯಾನು ತುಂಬುತ್ತದೆ. ಕೆಟ್ಟು ನಿಂತ ಘಟಕಗಳ ಕಥೆ ಬೇರೆ.

ಕೆಡದೆ ನಡೆಯುವ ಘಟಕದ ಮುಂದೆಯೂ ಒಂದು ಪ್ರಶ್ನೆ ಉಳಿಯುತ್ತದೆ. ತುಂಬಿದ ಕ್ಯಾನಿಗೆ ಇಪ್ಪತ್ತು ಕಿಲೋ ಭಾರ. ಅದನ್ನು ಮನೆಗೆ ಒಯ್ಯುವವರು ಯಾರು? ಬೈಕಿನ ಮುಂದೆ ಇಟ್ಟುಕೊಂಡು ಬರುತ್ತಿದ್ದ ಮಗ ಗೋವೆಗೋ ಮಂಗಳೂರಿಗೋ ಬೆಂಗಳೂರಿಗೋ ದುಡಿಯಲು ಹೋಗಿದ್ದಾನೆ. ಮನೆಯಲ್ಲಿ ಉಳಿದ ಎಪ್ಪತ್ತೈದರ ಆಯಿಗೆ ಬಾಗಿಲ ಮುಂದಿನ ಬೋರಿನ ನಳವೇ ಗತಿ. ಆಕೆ ಅದನ್ನೇ ತುಂಬಿಕೊಳ್ಳುತ್ತಾಳೆ. ತಿಳಿಯದೆ ಅಲ್ಲ, ಎತ್ತಲಾರದೆ. 65 ದಾಟಿದ ಬಡವರಿಗೆ 2007ರಿಂದ ಸಂಧ್ಯಾ ಸುರಕ್ಷಾ ಪಿಂಚಣಿ ಇದೆ. ಅದೇ ವರ್ಷ ಬಂದ ಕೇಂದ್ರದ ಕಾಯ್ದೆಯ ಪ್ರಕಾರ, ನೋಡಿಕೊಳ್ಳದ ಮಕ್ಕಳಿಂದ ಜೀವನಾಂಶ ಕೇಳಲು ಉಪವಿಭಾಗಾಧಿಕಾರಿಯವರ ನ್ಯಾಯಮಂಡಳಿಯ ಮುಂದೆ ಅರ್ಜಿ ಹಾಕಬಹುದು. ಆದರೆ ದುಡ್ಡು ಕಳಿಸುವ, ಫೋನು ಮಾಡುವ ಒಳ್ಳೆಯ ಮಗನ ಮೇಲೆ ಯಾವ ಅರ್ಜಿ ಹಾಕುವುದು? ಅವನು ಮಾಡಲಾರದ್ದು ಒಂದೇ, ಕ್ಯಾನು ಎತ್ತುವುದು.

ಪುಣ್ಯಾಶ್ರಮದ ಅಜ್ಜನ ಸುತ್ತ ಇದ್ದ ಕೈಗಳ ಮಾತಿಗೆ ಮರಳಬೇಕಾಗುತ್ತದೆ ಎಂದದ್ದು ಇದಕ್ಕೇ. ಈ ಕೂಟದಲ್ಲಿ ಜೂನ್ ತಿಂಗಳಲ್ಲಿ ವಾರ್ಷಿಕೋತ್ಸವ ಮಾಡಬೇಕೆಂಬ ಯೋಚನೆ ಇದೆಯಂತೆ, ಸದಸ್ಯರಲ್ಲಿ ಹೆಚ್ಚಿನವರ ಹುಟ್ಟುಹಬ್ಬ ಹೇಗೂ ಜೂನ್ ಒಂದಕ್ಕೇ! ಅದಕ್ಕೆ ಮುನ್ನ ಎರಡು ಕೆಲಸ ಮಾಡಬಹುದು. ಒಂಟಿಯಾಗಿರುವ ಹಿರಿಯರು ಯಾವ ಓಣಿಯಲ್ಲಿ ಎಷ್ಟಿದ್ದಾರೆಂದು ಒಂದು ಪಟ್ಟಿ. ಅವರ ಮನೆಗೆ ಕ್ಯಾನು ಮುಟ್ಟಿಸುವ ಹುಡುಗರ ಇನ್ನೊಂದು ಪಟ್ಟಿ. ನೀರಿನ ಮಾದರಿಯನ್ನು ಬಾಟಲಿಯಲ್ಲಿ ತುಂಬಿ ಪರೀಕ್ಷೆಗೆ ಕೊಡುವುದಕ್ಕೂ ದೊಡ್ಡ ಖರ್ಚಿಲ್ಲ.

ನೀರು ಬದಲಾದದ್ದು ಫಲ ಕೊಟ್ಟಿತೋ ಇಲ್ಲವೋ ಎಂದು ತಿಳಿಯಲು ಹಿರಿಯರ ಎಲುಬನ್ನು ಕಾಯಬೇಕಾಗಿಲ್ಲ. ಫ್ಲೋರೈಡಿನ ಗುರುತು ಮೊದಲು ಬೀಳುವುದು ಮಕ್ಕಳ ಶಾಶ್ವತ ಹಲ್ಲುಗಳ ಮೇಲೆ, ಅವು ದವಡೆಯೊಳಗೆ ಇನ್ನೂ ರೂಪುಗೊಳ್ಳುತ್ತಿರುವಾಗ. ಆದ್ದರಿಂದ ಹಲ್ಲಿನ ಮೇಲಿನ ಹಳದಿ, ಕಂದು ಗೆರೆಗಳು ಆ ವ್ಯಕ್ತಿ ಬಾಲ್ಯದಲ್ಲಿ ಯಾವ ನೀರು ಕುಡಿದನೆಂದು ಹೇಳುತ್ತವೆ. ಕೆರೆನೀರು ಕುಡಿದು ಬೆಳೆದ ಅಜ್ಜಿಯ ಉಳಿದೆರಡು ಹಲ್ಲು ಬೆಳ್ಳಗೆ, ಬೋರಿನ ನೀರು ಕುಡಿದು ಬೆಳೆದ ಮಗನ ಹಲ್ಲಿನ ಮೇಲೆ ಕಂದು ಗೆರೆ ಎಂಬಂಥ ಮನೆಗಳು ಇಂಥ ಊರುಗಳಲ್ಲಿ ಸಿಗುತ್ತವೆ. ಹೊಳೆನೀರು ಮನೆಗೆ ಬಂದ ಮೇಲೆ ಹುಟ್ಟಿದ ಮೊಮ್ಮಕ್ಕಳಿಗೆ ಮುಂದಿನ ಹಲ್ಲು ಬಿದ್ದು ಹೊಸದು ಬರುವುದು ಆರೇಳನೆಯ ವರ್ಷಕ್ಕೆ, ಕಿವಿ ಮುಟ್ಟುವ ವಯಸ್ಸಿಗೇ. ಅದರ ಬಣ್ಣ ನೋಡಲು ಎಕ್ಸ್‌ರೇ ಬೇಡ. ಅಂಗಳದ ಬೆಳಕಿನಲ್ಲಿ ಮೊಮ್ಮಗನ ಬಾಯಿ ತೆರೆಸಿದರೆ ಸಾಕು.